ಹಳೇ ವೈರನ್ನ ಮೊದಲೇ ಎಳೆದು ಬಿಸಾಕಬೇಡಿ

ನಾಗಪುರದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ದಾಟುತ್ತೆ. ಒಣ ಸೆಕೆಗೆ ಕೂಲರ್ ಸಾಕು. ಮಳೆ ಶುರುವಾದ್ರೆ ಅದು ನಡೆಯಲ್ಲ, ಏಸಿ ಬೇಕು. ಹಳೇ ಫ್ಲ್ಯಾಟಿನ ಸಣ್ಣ ವೈರು ಆ ಲೋಡಿಗೆ ಬಿಸಿಯಾಗಿ ಬೆಂಕಿ ಹತ್ತಬಹುದು. ಒಂದೂವರೆ ಟನ್‌ಗೆ 4 ಚದರ ಮಿ.ಮೀ. ತಾಮ್ರದ ವೈರು, ಅರ್ಥಿಂಗ್, ಪ್ರತ್ಯೇಕ ಎಂಸಿಬಿ ಹಾಕಿಸಿ.

ಗೋಡೆ ಒಡೆಯೋದು ಬೇಡ. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಟೆಸ್ಟ್ ಮಾಡಲಿ. ಆಮೇಲೆ ಹಳೇ ವೈರಿನ ತುದಿಗೇ ಹೊಸದನ್ನ ಕಟ್ಟಿ, ಗಂಟು ದಪ್ಪ ಆಗದಂತೆ ಟೇಪ್ ಸುತ್ತಲಿ. ಒಬ್ಬರು ಈಚೆಯಿಂದ ತಳ್ಳಬೇಕು, ಇನ್ನೊಬ್ಬರು ಆಚೆಯಿಂದ ಎಳೀಬೇಕು. ಸಿಕ್ಕಿಕೊಂಡ್ರೆ ಜಗ್ಗಬಾರದು, ಹಿಂದಕ್ಕೆ ಬಿಟ್ಟು ಮತ್ತೆ ಎಳೀಬೇಕು. ಹಾಯಿದೋಣಿಯ ಕಂಬದೊಳಗೆ ವೈರ್ ಬದಲಾಯಿಸೋದೂ ಹೀಗೇ. ಹಳೇದು ಮೊದಲೇ ಕೈಗೆ ಬಂತೋ, ದಾರಿನೇ ಹೋಯ್ತು!