ಹೊರಗೆ ಮೈನಸ್ 28, ಒಳಗೆ ಕಾಳು ಬಿಸಿ: ಸಸ್ಕ್ಯಾಚೆವಾನ್‌ನಲ್ಲಿ ಕಣಜ ಕೊಳ್ಳುವ ಲೆಕ್ಕ

ಈ ಎಪಿಸೋಡ್ ಶುರುವಾಗಿದ್ದು ಒಂದು ವಾಟ್ಸ್‌ಆ್ಯಪ್ ಕಾಲ್‌ನಿಂದ. ನಮ್ಮ ಮಾಮಾ, ಅಂದ್ರೆ ಅಕ್ಕನ ಗಂಡ, ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿದ್ದಾರೆ. ಎಂಟು ವರ್ಷ ಬೇರೆಯವರ ಹೊಲದಲ್ಲಿ ಸಂಬಳಕ್ಕೆ ದುಡಿದವರು, ಈ ವರ್ಷ ಮೊದಲ ಸಲ 480 ಎಕರೆ ಲಾವಣಿಗೆ ಹಿಡಿದಿದ್ದಾರೆ. ಈ ನಂಬರ್ ಕೇಳಿ ನಮ್ಮ ಗದಗ ಕಡೆಯವರು ಬಾಯಿ ತೆಗೀತಾರೆ, ಆದ್ರೆ ಅಲ್ಲಿ ಅದು ಸಣ್ಣ ಹಿಡುವಳಿ.

"ತಮ್ಮಾ, ನೀ ಬಿ.ಕಾಂ. ಓದೀಯಲ್ಲ, ಕಾಳು ತುಂಬಾಕ ಯಾವ ಬಿನ್ ತಗೋಬೇಕು, ಲೆಕ್ಕಾ ಹಾಕಿ ಹೇಳು" ಅಂದ್ರು. ಅಲ್ಲೀವರೆಗೆ ಬಿನ್ ಅಂದ್ರೆ ನನಗೆ ಕಸದ ಡಬ್ಬಿ. ಅವರು ಹೇಳ್ತಿದ್ದದ್ದು ತಗಡಿನ ದುಂಡು ಗೋಪುರಗಳ ಬಗ್ಗೆ. ನಮ್ಮ ಭಾಷೆಯಲ್ಲಿ ಕಣಜ ಅಂತ ಇಟ್ಕೊಳ್ಳಿ. ಬ್ಯಾಂಕಿನ ಸಾಲದಲ್ಲಿ ಕೊಳ್ಳೋದು, ತಪ್ಪಿದ್ರೆ ಮೊದಲ ವರ್ಷದ ಬೆಳೆಯೇ ಹೋಗುತ್ತೆ. ಮೂರು ವಾರ ಅದರ ಹಿಂದೆ ಬಿದ್ದು ತಿಳ್ಕೊಂಡಿದ್ದನ್ನ ಇಲ್ಲಿ ಹೇಳ್ತೀನಿ.

ಮೊದಲ ಪ್ರಶ್ನೆ, ಕಟಾವಾದ ಕೂಡಲೇ ಮಾರಿಬಿಟ್ರೆ ಆಗಲ್ವಾ? ಕಟಾವು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಮುಗೀಬೇಕು, ಆಮೇಲೆ ಹಿಮ. ಇಡೀ ಪ್ರಾಂತ್ಯದ ಕಾಳು ಒಟ್ಟಿಗೆ ಬಂದಾಗ ರೇಲ್ವೆಗೂ ಬಂದರಿಗೂ ಅದನ್ನ ಸಾಗಿಸೋಕೆ ಆಗಲ್ಲ. 2012ರ ಆಗಸ್ಟ್ 1ರವರೆಗೆ ಪಶ್ಚಿಮ ಕೆನಡಾದ ರೈತ ಗೋಧಿ, ಬಾರ್ಲಿಯನ್ನ ರಫ್ತಿಗೆ ಮಾರಬೇಕಾದ್ರೆ ಕೆನಡಿಯನ್ ವೀಟ್ ಬೋರ್ಡ್ ಮೂಲಕವೇ ಮಾರಬೇಕಿತ್ತು. ಆ ಏಕಸ್ವಾಮ್ಯ ಹೋದ ಮೇಲೆ ಯಾವಾಗ ಮಾರಬೇಕು ಅನ್ನೋದು ರೈತನ ತಲೆನೋವಾಯ್ತು. ಮರುವರ್ಷವೇ ದಾಖಲೆ ಬೆಳೆ, ಜೊತೆಗೆ ಭಯಂಕರ ಚಳಿ. ರೈಲು ಬರಲಿಲ್ಲ, ಕಾಳು ಹೊಲದಲ್ಲೇ ಕೂತಿತು. 2014ರ ಮಾರ್ಚ್‌ನಲ್ಲಿ ಸರ್ಕಾರವೇ ಎರಡು ರೇಲ್ವೆ ಕಂಪನಿಗಳಿಗೆ, ತಲಾ ವಾರಕ್ಕೆ 5 ಲಕ್ಷ ಟನ್ ಸಾಗಿಸಿ ಅಂತ ಆದೇಶ ಹೊರಡಿಸಬೇಕಾಯ್ತು.

ಇನ್ನೊಂದು ಹೊಡೆತ ನಮ್ಮ ದೇಶದಿಂದ. ಆಗ ಕೆನಡಾದ ಬಟಾಣಿ, ಮಸೂರಕ್ಕೆ ಭಾರತವೇ ದೊಡ್ಡ ಗಿರಾಕಿಯಾಗಿತ್ತು. ಮಸೂರ ಅಂದ್ರೆ ನಮ್ಮಲ್ಲಿ ಕೆಲವರು ಚನ್ನಂಗಿ ಅಂತಾರಲ್ಲ, ಅದೇ. 2017ರ ನವೆಂಬರ್‌ನಲ್ಲಿ ದೆಹಲಿ ಬಟಾಣಿ ಮೇಲೆ ಶೇ 50, ಡಿಸೆಂಬರ್‌ನಲ್ಲಿ ಮಸೂರ ಮತ್ತು ಕಡಲೆ ಮೇಲೆ ಶೇ 30 ಆಮದು ಸುಂಕ ಹಾಕಿತು. ಇಲ್ಲಿ ಕಡಲೆ ಬೆಳೆಯೋ ನಮ್ಮವರಿಗೆ ಅದು ಬೇಕಿತ್ತು, ನಾನು ತಪ್ಪು ಅನ್ನಲ್ಲ. ಆದ್ರೆ ಅಲ್ಲಿ ಕಣಜ ಇದ್ದವನು ಕಾಯ್ದ, ಇಲ್ಲದವನು ಸಿಕ್ಕ ಬೆಲೆಗೆ ಕೊಟ್ಟ.

ಈಗ ನನ್ನ ಎಕ್ಸೆಲ್ ಶೀಟ್. ಮಾಮಾ 160 ಎಕರೆ ಕನೋಲಾ, 160 ಮಸೂರ, 160 ಗೋಧಿ ಹಾಕ್ತಾರೆ. ಕನೋಲಾ ಅಂದ್ರೆ ಸಾಸಿವೆ ಜಾತಿಯ ಎಣ್ಣೆಕಾಳು. ಅವರ ಅಂದಾಜಿನಲ್ಲಿ ಕನೋಲಾ 5,600 ಬುಶೆಲ್, ಮಸೂರ 4,000, ಗೋಧಿ 7,200. ಗೋಧಿಯ ಬುಶೆಲ್ ಅಂದ್ರೆ ಸುಮಾರು 27 ಕೆ.ಜಿ., ಕನೋಲಾದ್ದು ಸುಮಾರು 22.7. ಗಾತ್ರ ದೊಡ್ಡದಾದಷ್ಟೂ ಬುಶೆಲ್‌ಗೆ ಬೀಳೋ ಖರ್ಚು ಕಡಿಮೆ. ಹಾಗಾಗಿ ನಾನು ಧೈರ್ಯವಾಗಿ, ಚಪ್ಪಟೆ ತಳದ ದೊಡ್ಡ ಬಿನ್ ಒಂದು ತಗೊಳ್ಳಿ ಅಂದೆ. ಮಾಮಾ ನಕ್ಕರು. "ಮೂರೂ ಕಾಳು ಒಂದರಾಗ ಸುರದು, ಆಮ್ಯಾಲೆ ನಿನ್ನ ಕರಸಿ ಆರಸ್ಲೇನು?"

ಸರಿ, ಕನೋಲಾಕ್ಕಾದ್ರೂ ಒಂದೇ ದೊಡ್ಡದು ಸಾಕಲ್ವಾ ಅಂದೆ. ಆಗ ಎರಡು ಚಳಿಗಾಲದ ಹಿಂದಿನ ಕಥೆ ಹೇಳಿದ್ರು. ಅವರು ಕೆಲಸಕ್ಕಿದ್ದ ಹೊಲದಲ್ಲಿ ಜನವರಿಯ ಒಂದು ಬೆಳಗ್ಗೆ, ಹೊರಗೆ ಮೈನಸ್ 28. ಸಾಲಾಗಿ ನಿಂತ ಬಿನ್‌ಗಳ ಮೇಲೆಲ್ಲ ಹಿಮ, ಒಂದರ ನೆತ್ತಿ ಮಾತ್ರ ಬೋಳು. ಮುಚ್ಚಳ ತೆಗೆದ್ರೆ ಹಬೆ, ಸುಟ್ಟ ವಾಸನೆ. ಕನೋಲಾ ಒಳಗೇ ಬೆಂದು ಕಪ್ಪಾಗಿತ್ತು. ಉಷ್ಣತೆ ನೋಡೋ ಕೇಬಲ್ ಹಾಕಿಸಿರಲಿಲ್ಲ. ಚಳಿ ಇದೆಯಲ್ಲ, ಏನಾಗುತ್ತೆ ಅಂದ್ಕೊಂಡಿದ್ರು.

ಇದು ನನಗೆ ಅರ್ಥ ಆಗೋಕೆ ಟೈಮ್ ಹಿಡೀತು. ಕಾಳು ಶಾಖವನ್ನ ಸುಲಭವಾಗಿ ಬಿಟ್ಟುಕೊಡಲ್ಲ. ಸೆಪ್ಟೆಂಬರ್ ಬಿಸಿಲಲ್ಲಿ ತುಂಬಿದ ರಾಶಿಯ ನಡುಭಾಗ ತಿಂಗಳುಗಟ್ಟಲೆ ಬೆಚ್ಚಗೇ ಇರುತ್ತೆ. ತಗಡಿನ ಪಕ್ಕದ ಕಾಳು ಮಾತ್ರ ತಣ್ಣಗಾಗುತ್ತೆ. ಅಲ್ಲಿನ ತಣ್ಣನೆ ಗಾಳಿ ಗೋಡೆಗುಂಟ ಕೆಳಗಿಳಿದು, ನಡುವಿನಿಂದ ಬೆಚ್ಚಗಾಗಿ ತೇವ ಹೀರ್ಕೊಂಡು ಮೇಲೇರುತ್ತೆ. ಮೇಲ್ಪದರದ ತಣ್ಣನೆ ಕಾಳಿಗೆ ತಾಗಿದ ಕೂಡಲೇ ಆ ತೇವ ಅಲ್ಲೇ ಉಳಿಯುತ್ತೆ. ಕುದಿಯೋ ಪಾತ್ರೆಯ ಮುಚ್ಚಳದ ಒಳಗೆ ನೀರು ಕಟ್ಟುತ್ತಲ್ಲ, ಹಾಗೆ. ಅಲ್ಲಿ ಬೂಷ್ಟು ಹಿಡಿದು, ಅದೇ ಶಾಖ ಹುಟ್ಟಿಸುತ್ತೆ. ಅಂದ್ರೆ ಒಣ ಕಾಳನ್ನೇ ತುಂಬಿದ್ರೂ ಒಂದು ಮೂಲೆಯಲ್ಲಿ ಹಸಿಯಾಗಬಹುದು. ಬೇಸಿಗೆ ಬಂದಾಗ ಇದೇ ಸುತ್ತಾಟ ಉಲ್ಟಾ. ಕನೋಲಾ ಅಂತೂ ಕಟಾವಾಗಿ ಆರು ವಾರದವರೆಗೂ ಜೋರಾಗಿ ಉಸಿರಾಡ್ತಾ ಬೆವರುತ್ತೆ. ಶೇ 10 ತೇವಾಂಶಕ್ಕೆ ಅದು ಒಣಗಿದ್ದು ಅಂತ ಮಾರಾಟ ಆಗುತ್ತೆ, ಆದ್ರೆ ತಿಂಗಳುಗಟ್ಟಲೆ ಇಡೋಕೆ ಶೇ 8, ಉಷ್ಣತೆ 15 ಡಿಗ್ರಿಗಿಂತ ಕೆಳಗೆ ಇರಬೇಕು. ಗೋಧಿಗೆ ಶೇ 14.5 ನಡೆಯುತ್ತೆ.

ಹಾಗಾಗಿ ಗೋಪುರದ ಗಾತ್ರ ನೋಡೋಕೂ ಮುಂಚೆ ಫ್ಯಾನ್ ನೋಡಿ. ಬರೀ ತಂಪು ಮಾಡೋಕೆ ಪ್ರತಿ ಬುಶೆಲ್‌ಗೆ ನಿಮಿಷಕ್ಕೆ 0.1 ಘನ ಅಡಿ ಗಾಳಿ ಸಾಕು. ಆ ಲೆಕ್ಕದಲ್ಲಿ ತಂಪು ತಳದಿಂದ ತುದಿ ಮುಟ್ಟೋಕೆ ಸುಮಾರು 150 ಗಂಟೆ, ಅಂದ್ರೆ ಆರು ದಿನದ ಮೇಲೆ. ಒಣಗಿಸಬೇಕಾದ್ರೆ ಅದರ ಹತ್ತರಷ್ಟು ಗಾಳಿ ಬೇಕು. ಫ್ಯಾನ್ ಇದೆ ಅಂತ ಮಾರೋರು ಯಾವ ಕೆಲಸದ ಫ್ಯಾನ್ ಅಂತ ಹೇಳಲ್ಲ, ಕೇಳಿ ತಿಳ್ಕೋಬೇಕು. ಕನೋಲಾದ ಸಣ್ಣ ಕಾಳಿನ ನಡುವೆ ಗಾಳಿ ನುಗ್ಗೋದು ಕಷ್ಟ, ಗೋಧಿಗೆ ಸಾಕಾದ ಫ್ಯಾನ್ ಅದಕ್ಕೆ ಸಾಲಲ್ಲ. ತಂಪಾದ ಮೇಲೆ ಫ್ಯಾನ್ ಬಾಯಿ ಮುಚ್ಚಿಡಬೇಕು, ಇಲ್ಲಾಂದ್ರೆ ಹಿಮ ಒಳಗೆ ಹೊಕ್ಕುತ್ತೆ.

ಚಳಿಯ ಲಾಭವೂ ಇದೆ. ಅಲ್ಲಿ ಹೆಚ್ಚು ಕಾಡೋದು ಕೆಂಪು-ಕಂದು ಬಣ್ಣದ ಒಂದು ಚಿಕ್ಕ ಕಾಳುಹುಳ. ಕಾಳಿನ ರಾಶಿಯನ್ನೇ ಮೈನಸ್ 20ಕ್ಕೆ ಇಳಿಸಿ ಒಂದು ವಾರ ಇಟ್ರೆ ಅದು ಸಾಯುತ್ತೆ, ಮೈನಸ್ 5 ಆದ್ರೆ 12 ವಾರ ಬೇಕು. ಔಷಧಿಯೇ ಬೇಡ. ಇದಕ್ಕೂ ಫ್ಯಾನ್ ಬೇಕು. ಹಳೆ ಬಿನ್ ಕೊಳ್ಳೋರಿಗೆ ಇನ್ನೊಂದು ಮಾತು: ಒಳಗೆ ಮೆಲಾಥಿಯಾನ್ ಹೊಡೆದಿದ್ರೆ ಅದರಲ್ಲಿ ಕನೋಲಾ ತುಂಬಬಾರದು, ಎಣ್ಣೆಕಾಳು ಅದನ್ನ ಹೀರ್ಕೊಳ್ಳುತ್ತೆ.

ಆಕಾರದ ವಿಷಯಕ್ಕೆ ಬರೋಣ. ಚಪ್ಪಟೆ ತಳದ ಬಿನ್ ಅಗ್ಗ. ಕಾಂಕ್ರೀಟ್ ಹಾಸಿನ ಮೇಲೆ ಕೂರುತ್ತೆ, ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಹಾಸು ಬಿರುಕು ಬಿಡದ ಹಾಗೆ ಕೆಳಗೆ ಜಲ್ಲಿ ಚೆನ್ನಾಗಿ ಕೂತಿರಬೇಕು. ಖಾಲಿ ಮಾಡುವಾಗ ನಡುವಿನ ಕಿಂಡಿಯಿಂದಲೇ ಶುರು ಮಾಡಬೇಕು. ಪಕ್ಕದ ಬಾಗಿಲಿಂದ ಎಳೆದ್ರೆ ಭಾರ ಒಂದೇ ಕಡೆ ವಾಲಿ ಗೋಡೆ ಮಡಚಿಕೊಳ್ಳಬಹುದು. ಕೊನೆಯ ಕಾಳು ಗುಡಿಸೋಕೆ ಮನುಷ್ಯ ಒಳಗೆ ಹೋಗಬೇಕು. ಇನ್ನೊಂದು ಹಾಪರ್, ತಳ ಆಲಿಕೆ ಹಾಗೆ, ಕಬ್ಬಿಣದ ಕಾಲ ಮೇಲೆ ನಿಲ್ಲುತ್ತೆ. ಕಿಂಡಿ ತೆಗೆದ್ರೆ ತಾನೇ ಖಾಲಿ. ಮಾಮಾಗೆ ಬಂದ ಕೊಟೇಶನ್‌ಗಳಲ್ಲಿ ಬುಶೆಲ್ ಲೆಕ್ಕಕ್ಕೆ ಇದು ಸುಮಾರು ಒಂದೂವರೆ ಪಟ್ಟು ದುಬಾರಿ.

ಆ ಹೆಚ್ಚಿನ ಅರ್ಧ ಯಾಕೆ ಕೊಡಬೇಕು ಅಂತ ನನ್ನೊಳಗಿನ ಕಾಮರ್ಸ್ ಹುಡುಗ ವಾದ ಹಾಕಿದ. ಅಷ್ಟರಲ್ಲಿ ಅಕ್ಕ ಫೋನ್ ಇಸ್ಕೊಂಡು, "ನಮ್ಮ ಅಜ್ಜನ ಹಗೇವು ನೆನಪೈತಿಲ್ಲೋ?" ಅಂದಳು. ನೆಲದೊಳಗೆ ಜೋಳ ತುಂಬೋ ಹಗೇವು ತೆಗೆದ ಕೂಡಲೇ ಅಜ್ಜ ಯಾರನ್ನೂ ಇಳಿಸ್ತಿರಲಿಲ್ಲ. ದಿನವಿಡೀ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ರೆ ಮಾತ್ರ ಮನುಷ್ಯ. ಕಾಳೂ ಉಸಿರಾಡಿ ಒಳಗಿನ ಗಾಳಿ ಕೆಡಿಸಿರುತ್ತೆ. ತಗಡಿನ ಬಿನ್‌ನಲ್ಲೂ ಆ ಅಪಾಯ ಇದೆ, ಮೇಲೆ ಇನ್ನೊಂದು: ಕೆಳಗಿನ ಕಿಂಡಿ ತೆರೆದಿರುವಾಗ ಕಾಳಿನ ಮೇಲೆ ನಿಂತ್ರೆ ಕೆಲವೇ ಸೆಕೆಂಡಲ್ಲಿ ಮೊಣಕಾಲು ಹೂತುಹೋಗುತ್ತೆ, ಆಮೇಲೆ ತಾನಾಗಿ ಮೇಲೆ ಬರೋಕಾಗಲ್ಲ. ಕೆಟ್ಟು ಗಟ್ಟಿಯಾದ ಮೇಲ್ಪದರ ಒಡೆಯೋಕೆ ಹೋದವರು ಅದರಡಿಯ ಪೊಳ್ಳಿಗೆ ಬೀಳ್ತಾರೆ. ಮಾಮಾ ಅಲ್ಲಿ ಒಬ್ಬರೇ ದುಡಿಯೋದು. ಅಕ್ಕ ಇನ್ನೇನೂ ಹೇಳಲಿಲ್ಲ. ನಾನು ಶೀಟಲ್ಲಿ ಆ ಸಾಲು ಅಳಿಸಿದೆ.

ಮಸೂರಕ್ಕೂ ಹಾಪರ್ರೇ ಒಳ್ಳೇದು. ಮೈನಸ್ 20ಕ್ಕಿಂತ ಕೆಳಗಿನ ಚಳಿಯಲ್ಲಿ ಅದರ ಕಾಳು ಗಾಜಿನ ಹಾಗೆ, ಕೈಯಾಡಿಸಿದಷ್ಟೂ ಸಿಪ್ಪೆ ಹಾರಿ ದರ್ಜೆ ಇಳಿಯುತ್ತೆ.

ಕೊನೆಗೆ ತೀರ್ಮಾನ ಆಗಿದ್ದು ಹೀಗೆ. ಲಾವಣಿ ಜಮೀನಲ್ಲೇ ಹಳೇ ಚಪ್ಪಟೆ ತಳದ ಬಿನ್ ಎರಡಿವೆ. ಒಣ ಗೋಧಿ ಅಲ್ಲಿಗೆ, ಅದನ್ನ ಮೊದಲು ಮಾರೋದು. ಹೊಸದಾಗಿ 4,000 ಬುಶೆಲ್‌ನ ಹಾಪರ್ ಮೂರು, ಮೂರಕ್ಕೂ ಫ್ಯಾನ್ ಮತ್ತು ಕೇಬಲ್. ಒಂದರಲ್ಲಿ ಮಸೂರ, ಎರಡರಲ್ಲಿ ಕನೋಲಾ ಅರ್ಧರ್ಧ. ಯಾವುದಾದ್ರೂ ಬಿಸಿಯಾದ್ರೆ ಮೂರನೇ ಒಂದು ಭಾಗ ಹೊರಗೆಳೆದು ಚಳಿಗೆ ಒಡ್ಡಿ ತಿರುಗಿ ತುಂಬೋಕೆ ಜಾಗ ಇರುತ್ತೆ. ನನ್ನ ಶೀಟಿನಲ್ಲಿ ಆ ಖಾಲಿ ಜಾಗ ದಂಡ ಅಂತ ಕೆಂಪು ಬಣ್ಣದಲ್ಲಿ ತೋರಿಸ್ತಿತ್ತು. ಸಾಲದ ಕಂತು ಒಂದಿಷ್ಟು ಹೆಚ್ಚಾಯ್ತು, ಅದಕ್ಕೆ ಟ್ರಕ್ ಕೊಳ್ಳೋದನ್ನ ಒಂದು ವರ್ಷ ಮುಂದೆ ಹಾಕಿದ್ದಾರೆ.