ವರ್ತಮಾನ ಕಾಲದ ಹೇಳಿಕೆಗಳ ಪರೋಕ್ಷ ಕಥನ

ಮಕ್ತಲ್, ನಾರಾಯಣಪೇಟೆ, ಗದ್ವಾಲ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಪರೋಕ್ಷ ಕಥನವು ಹೊಸದಲ್ಲ. ಮನೆಮಾತಿನ ‘ಅಂತ’, ಪಠ್ಯಪುಸ್ತಕದ ‘ಎಂದು’, ಪೇಟೆಯ ತೆಲುಗಿನ ‘ಅನಿ’ ಮೂರೂ ಒಂದೇ ಕೆಲಸವನ್ನು ಮಾಡುತ್ತವೆ. ಆಡಿದ ಮಾತನ್ನು ಇದ್ದಂತೆಯೇ ಇರಿಸಿ ಕೊನೆಗೊಂದು ಗಂಟು ಹಾಕುತ್ತವೆ. ‘ನಾನು ಮಕ್ತಲ್‌ನಲ್ಲಿ ಇದ್ದೇನೆ ಎಂದು ರವಿ ಹೇಳಿದನು’ ಎಂಬಲ್ಲಿ ಕ್ರಿಯಾಪದವು ವರ್ತಮಾನದಲ್ಲೇ ಉಳಿಯುತ್ತದೆ. ‘ನಾನು’ ಎಂದರೆ ರವಿಯೇ ಎಂಬುದು ಕೇಳುಗನಿಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ತೊಡಕು ಹುಟ್ಟುವುದು ಈ ಅಭ್ಯಾಸದಿಂದಲೇ.

‘ರವಿ ಸೆಡ್, “ಐ ಲಿವ್ ಇನ್ ಮಕ್ತಲ್”’ ಎಂಬುದನ್ನು ವಿದ್ಯಾರ್ಥಿಯು ‘ರವಿ ಸೆಡ್ ದಟ್ ಐ ಲಿವ್ ಇನ್ ಮಕ್ತಲ್’ ಎಂದು ಬರೆದನೆನ್ನಿ. ಉದ್ಧರಣ ಚಿಹ್ನೆ ಹೋದೊಡನೆ ‘ಐ’ ಬರೆದವನ ಪಾಲಾಗುತ್ತದೆ. ಮಕ್ತಲ್‌ನಲ್ಲಿ ವಾಸಿಸುವವನು ರವಿಯಲ್ಲ, ಬರೆದ ಹುಡುಗ ಎಂದಾಗುತ್ತದೆ. ಕಾಲದ ತಪ್ಪಿಗಿಂತ ಇದು ದೊಡ್ಡದು, ಅರ್ಥವೇ ಕೆಡುತ್ತದೆ. ಆದುದರಿಂದ ಕಾಲಪಲ್ಲಟದ ಪಟ್ಟಿಯನ್ನು ಕಪ್ಪುಹಲಗೆಗೆ ಏರಿಸುವ ಮುನ್ನ ಸರ್ವನಾಮವನ್ನು ಬೋಧಿಸುವುದು ಲೇಸು. ಕನ್ನಡದ ‘ತಾನು’ ಇಲ್ಲಿ ನೆರವಿಗೆ ಬರುತ್ತದೆ. ‘ತಾನು ಮಕ್ತಲ್‌ನಲ್ಲಿ ಇರುವುದಾಗಿ ರವಿ ಹೇಳಿದನು’ ಎಂದು ಮೊದಲು ಕನ್ನಡದಲ್ಲೇ ತಿರುಗಿಸಿದ ಮಗುವು ‘ತಾನು’ ಇರುವೆಡೆ ‘ಹಿ’ ಇಡುವುದನ್ನು ಬೇಗ ಗ್ರಹಿಸುತ್ತದೆ. ‘ತಾನು’ ಲಿಂಗವನ್ನು ಸೂಚಿಸದು. ಹೇಳಿದವಳು ಲಕ್ಷ್ಮಿಯಾದರೆ ‘ಶಿ’ ಎಂಬುದನ್ನು ನೆನಪಿಸಬೇಕು.

ಬಳಿಕ ಕಾಲ. ‘ಸೆಡ್’ ಭೂತಕಾಲದಲ್ಲಿರುವುದರಿಂದ ‘ಲಿವ್’ ‘ಲಿವ್ಡ್’ ಆಗುತ್ತದೆ. ‘ಈಸ್ ರೀಡಿಂಗ್’ ‘ವಾಸ್ ರೀಡಿಂಗ್’, ‘ಹ್ಯಾಸ್ ಗಾನ್’ ‘ಹ್ಯಾಡ್ ಗಾನ್’ ಆಗುತ್ತವೆ. ‘ಹಾಗಾದರೆ ರವಿ ಈಗ ಅಲ್ಲಿಲ್ಲವೇ?’ ಎಂದು ಮಕ್ಕಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಈ ಭೂತಕಾಲವು ವಾಸ ಮುಗಿಯಿತೆಂದು ಹೇಳುವುದಿಲ್ಲ. ಹಿಂದೆ ಆಡಿದ ಮಾತೆಂಬುದಕ್ಕೆ ಹೊಂದಿಕೊಳ್ಳುತ್ತದೆ, ಅಷ್ಟೆ. ಈಗಲೂ ನಿಜವಾಗಿರುವ ಸಂಗತಿಯಲ್ಲಿ ವರ್ತಮಾನವನ್ನು ಉಳಿಸುವುದೂ ಇಂಗ್ಲಿಷಿಗೆ ಸಮ್ಮತ. ಭೀಮೆಯು ಕೃಷ್ಣೆಯನ್ನು ಸೇರುವುದು ಈ ಸೀಮೆಯಲ್ಲೇ ಆದ್ದರಿಂದ ‘ದ ಟೀಚರ್ ಸೆಡ್ ದಟ್ ದ ಭೀಮಾ ಜಾಯಿನ್ಸ್ ದ ಕೃಷ್ಣಾ’ ಎಂಬ ಉದಾಹರಣೆ ಮಕ್ಕಳಿಗೆ ಹತ್ತಿರವಾದೀತು.

ವರದಿಯ ಕ್ರಿಯಾಪದವು ‘ಸೇಸ್’ ಆಗಿದ್ದರೆ ಕಾಲ ಬದಲಾಗದು: ‘ರವಿ ಸೇಸ್ ದಟ್ ಹಿ ಲಿವ್ಸ್ ಇನ್ ಮಕ್ತಲ್’. ‘ಐ’ ಹೋಗಿ ‘ಹಿ’ ಬಂದಾಗ ‘ಲಿವ್’ ಪದಕ್ಕೆ ‘ಸ್’ ಸೇರುವುದನ್ನು ಬಹಳಷ್ಟು ಉತ್ತರಪತ್ರಿಕೆಗಳು ಮರೆಯುತ್ತವೆ.

‘ಹಿಯರ್’ ‘ದೇರ್’ ಆಗುವ ನಿಯಮವನ್ನು ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ಮಕ್ತಲ್‌ನಲ್ಲಿ ಆಡಿದ ಮಾತನ್ನು ಮಕ್ತಲ್‌ನಲ್ಲೇ ವರದಿ ಮಾಡುವಾಗ ‘ಹಿಯರ್’ ಹಾಗೆಯೇ ನಿಲ್ಲುತ್ತದೆ. ಗದ್ವಾಲಕ್ಕೆ ಹೋಗಿ ಹೇಳಿದರೆ ಅದು ‘ದೇರ್’. ಒಂದೇ ವಾಕ್ಯವನ್ನು ಎರಡೂ ಊರುಗಳಿಂದ ವರದಿ ಮಾಡಿಸುವುದು ತರಗತಿಗೆ ಒಪ್ಪುವ ಅಭ್ಯಾಸ.