ಹೆಬ್ಬೂರಿನ ಕಲ್ಲಿನೊಳಗಿನ ಮೀನು

ತುಮಕೂರಿನಿಂದ ಕುಣಿಗಲ್ ಕಡೆ ಹೋಗುವಾಗ ಸಿಗುವ ಹೆಬ್ಬೂರಿನ ಸುತ್ತಮುತ್ತ ಹೊಲದ ಬದುವಿನಲ್ಲಿ, ಬಾವಿ ತೋಡಿ ಹಾಕಿದ ಗುಡ್ಡೆಯಲ್ಲಿ, ಪಾಯಕ್ಕೆಂದು ತಂದು ಸುರಿದ ಸೈಜುಗಲ್ಲಿನಲ್ಲಿ ವಿಚಿತ್ರ ಗುರುತುಗಳು ಕಣ್ಣಿಗೆ ಬೀಳುತ್ತವೆ. ಬೂದು ಕಲ್ಲಿನೊಳಗೆ ಮೀನಿನ ಆಕಾರದ ಕಪ್ಪು ತುಂಡು, ಹಲ್ಲಿನ ಹಾಗೆ ಕಾಣುವ ಗುಲಾಬಿ ಹರಳು, ಸೀಳಿದ ಚಪ್ಪಡಿಯ ಮುಖದ ಮೇಲೆ ಜರಿಗಿಡದ ಕಪ್ಪು ಚಿತ್ರ. ಇವು ಪಳೆಯುಳಿಕೆಗಳೇ? ಇದಕ್ಕೆ ಉತ್ತರ ಬೇಕಾದವರು ಆ ಗುರುತಿಗಿಂತ ಮೊದಲು ಅದು ಕೂತಿರುವ ಕಲ್ಲು ಯಾವುದೆಂದು ನೋಡಬೇಕು.

ಈ ಸೀಮೆಯ ತಳಗಲ್ಲು ನೈಸ್ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಬಳಗದ್ದು. ವಯಸ್ಸು ಸುಮಾರು 300 ಕೋಟಿ ವರ್ಷ. ಪೂರ್ವಕ್ಕೆ ಹೋದರೆ ಶಿವಗಂಗೆ, ದೇವರಾಯನದುರ್ಗಗಳ ಗ್ರಾನೈಟ್ ಸಿಗುತ್ತದೆ. ರಾಮನಗರದ ಹಳೆಯ ಹೆಸರಿನಿಂದ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಇದಕ್ಕೆ ಸುಮಾರು 250 ಕೋಟಿ ವರ್ಷ. ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿದ್ದ ಶಿಲಾಪಾಕ ನಿಧಾನವಾಗಿ ತಣಿದು ಗ್ರಾನೈಟ್ ಆಗುತ್ತದೆ. ಆ ಪಾಕಕ್ಕೆ ಎಲುಬು ಬಿದ್ದಿದ್ದರೂ ಉಳಿಯುತ್ತಿರಲಿಲ್ಲ. ಬೀಳುವುದಕ್ಕೆ ಎಲುಬೇ ಇರಲಿಲ್ಲ ಎನ್ನುವುದು ಎರಡನೆಯ ಕಾರಣ: ಚಿಪ್ಪಿನ ಪ್ರಾಣಿಗಳು ಕಲ್ಲಿನ ದಾಖಲೆಯಲ್ಲಿ ಹೇರಳವಾಗುವುದು ಸುಮಾರು 54 ಕೋಟಿ ವರ್ಷಗಳ ಈಚೆಗೆ, ಮೀನುಗಳು ಅದಕ್ಕೂ ಆಮೇಲೆ.

ಹಾಗಾದರೆ ಆ ಮೀನು ಏನು? ಮೇಲೇರುವ ಶಿಲಾಪಾಕ ದಾರಿಯಲ್ಲಿದ್ದ ಹಳೆಯ ಬಂಡೆಯ ಚೂರುಗಳನ್ನು ಕಿತ್ತು ನುಂಗಿಕೊಳ್ಳುತ್ತದೆ. ಅಂಥ ಚೂರೊಂದು ಒತ್ತಡಕ್ಕೆ ಸಿಕ್ಕಿ ಎರಡೂ ತುದಿ ಚೂಪಾಗಿ ಎಳೆದುಕೊಂಡರೆ ಮೀನಿನ ಆಕಾರ ಬಂದೇ ಬರುತ್ತದೆ. ಕಪ್ಪು ಬಣ್ಣ ಹೆಚ್ಚಾಗಿ ಹಾರ್ನ್‌ಬ್ಲೆಂಡ್ ಎಂಬ ಖನಿಜದ್ದು, ಕೆಲವೊಮ್ಮೆ ಕಾಗೆಬಂಗಾರದ್ದು. ಭೂತಗನ್ನಡಿ ಹಿಡಿದರೆ ಒಳಗೆಲ್ಲ ಹರಳುಗಳೇ ಕಾಣುತ್ತವೆ, ಮುಳ್ಳಾಗಲಿ ಹುರುಪೆಯಾಗಲಿ ಇರುವುದಿಲ್ಲ. ಅದೇ ಬಂಡೆಯಲ್ಲಿ ನಾಲ್ಕು ಹೆಜ್ಜೆ ಸುತ್ತಾಡಿದರೆ ಅದೇ ಕಪ್ಪು ಕಲ್ಲಿನ ಇನ್ನೊಂದು ತುಂಡು ಚೌಕವಾಗಿಯೋ ಮುರಿದೋ ಸಿಗುವುದುಂಟು. ಅಲ್ಲಿಗೆ ಮೀನಿನ ವಾದ ಮುಗಿಯಿತು. ಪಳೆಯುಳಿಕೆಯಲ್ಲ ಎಂದು ಅದನ್ನು ಕಡೆಗಣಿಸಬಾರದು. ತನ್ನನ್ನು ಸುತ್ತಿಕೊಂಡ ಬಂಡೆಗಿಂತ ಹಳೆಯದಾದ ಲೋಕವೊಂದರ ತುಣುಕು ಅದು.

ಹಲ್ಲಿನಂಥ ಗುಲಾಬಿ ಹರಳು ಫೆಲ್ಡ್‌ಸ್ಪಾರ್. ಅದನ್ನು ಪರೀಕ್ಷಿಸುವ ವಿಧಾನ ನನಗೆ ಬಹಳ ಇಷ್ಟ. ಹೊಸದಾಗಿ ಒಡೆದ ಕಲ್ಲನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ಎಷ್ಟೋ ಹರಳುಗಳಲ್ಲಿ ಅರ್ಧಭಾಗ ಫಳ್ಳನೆ ಹೊಳೆಯುತ್ತದೆ, ಉಳಿದರ್ಧ ಮಂಕಾಗಿರುತ್ತದೆ, ನಡುವೆ ನೇರ ಗೆರೆ. ಇನ್ನಷ್ಟು ತಿರುಗಿಸಿದರೆ ಹೊಳಪು ಆ ಬದಿಗೆ ದಾಟುತ್ತದೆ. ಎರಡು ಹರಳುಗಳು ಜೋಡಿಯಾಗಿ ಬೆಳೆದಿರುವುದರ ಗುರುತು ಅದು. ಹಲ್ಲಾಗಲಿ ಎಲುಬಾಗಲಿ ಹೀಗೆ ಹೊಳೆಯುವುದಿಲ್ಲ.

ಜರಿಗಿಡದ ಚಿತ್ರ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್‌ಗಳ ಕೆಲಸ. ಈ ಲೋಹಗಳಿದ್ದ ನೀರು ಕೂದಲೆಳೆಯಂಥ ಬಿರುಕಿನಲ್ಲಿ ಇಳಿಯುತ್ತ ಕವಲು ಕವಲಾಗಿ ಕರೆಗಟ್ಟುತ್ತದೆ. ಎಲೆಗಿರುವ ನಡುನರ ಇದಕ್ಕಿಲ್ಲ, ದಪ್ಪವೂ ಇಲ್ಲ. ಮೇಲ್ಮೈಯನ್ನು ಕೆರೆದರೆ ಕೆಳಗೆ ಬರೀ ಕಲ್ಲು. ಬಯಲುಸೀಮೆಯ ಮಣ್ಣಿನಲ್ಲಿ ಬೇರಿನ ಸುತ್ತ ಕಟ್ಟುವ ಸುಣ್ಣದ ಗಡ್ಡೆಗಳಂತೂ ಎಲುಬೆಂದೇ ನಂಬಿಸುತ್ತವೆ.

ಕಲ್ಲು ಸರಿಯಾದ ಜಾತಿಯದ್ದಾದರೂ ಗುರುತು ಮೋಸ ಮಾಡಬಹುದು. ಭೋಪಾಲದ ಬಳಿಯ ಭೀಮ್‌ಬೆಟ್ಕಾ ಗುಹೆಯ ಮರಳುಗಲ್ಲಿನ ಚಾವಣಿಯಲ್ಲಿ ಡಿಕಿನ್ಸೋನಿಯ ಎಂಬ, 55 ಕೋಟಿ ವರ್ಷ ಹಿಂದಿನ ಜೀವಿಯ ಅಚ್ಚು ಸಿಕ್ಕಿದೆ ಎಂದು 2021ರಲ್ಲಿ ಪ್ರಕಟವಾಯಿತು, ದೇಶವೆಲ್ಲ ಸುದ್ದಿಯಾಯಿತು. 2023ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ಮತ್ತು ಸಂಗಡಿಗರು ಅದು ಹೆಜ್ಜೇನುಗೂಡಿನ ಉಳಿಕೆ ಎಂದು ತೋರಿಸಿದರು. ಗುರುತು ಕಲ್ಲಿನೊಳಗೆ ಇರಲೇ ಇಲ್ಲ, ಮೇಲಿಂದ ಕಿತ್ತುಬರುತ್ತಿತ್ತು. ಮೊದಲು ವರದಿ ಮಾಡಿದ ಗ್ರೆಗರಿ ರೆಟಾಲಾಕ್ ಕೂಡ ಇದನ್ನು ಒಪ್ಪಿಕೊಂಡರು. ವಿಜ್ಞಾನ ನಡೆಯಬೇಕಾದ ರೀತಿ ಇದು.

ಹಾಗಂತ ತುಮಕೂರು ಜಿಲ್ಲೆಯಲ್ಲಿ ಪಳೆಯುಳಿಕೆಯೇ ಇಲ್ಲವೆಂದಲ್ಲ. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯಲ್ಲಿ ಇದೆ, ಅದೂ ಭಾರತದ ಅತ್ಯಂತ ಹಳೆಯವುಗಳ ಸಾಲಿನದು. ಅಲ್ಲಿರುವುದು ಚಿತ್ರದುರ್ಗದ ಕಡೆಯಿಂದ ಹಾದುಬರುವ ಪದರಶಿಲೆಗಳ ಪಟ್ಟಿ: ಸಮುದ್ರದ ತಳದಲ್ಲಿ ಸುಣ್ಣ ಕೂತು ಆದ ಕಲ್ಲು. ಅದರಲ್ಲಿ ತೆಳುಪದರಗಳು ಬೋರಲು ಹಾಕಿದ ಬಟ್ಟಲುಗಳಂತೆ ಒಂದರ ಮೇಲೊಂದು ಉಬ್ಬಿಕೊಂಡಿವೆ. ಇವು ಸ್ಟ್ರೊಮಟೊಲೈಟ್‌ಗಳು. ಬಿಸಿಲು ಬೀಳುವ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಾಣುಗಳು ಲೋಳೆಯ ಹಾಸು ಹೆಣೆದು, ಅದರ ಮೇಲೆ ಕೂತ ಸುಣ್ಣದ ಪುಡಿಯನ್ನು ಹಿಡಿದಿಟ್ಟು, ಮತ್ತೆ ಮೇಲೆ ಬೆಳೆದು ಕಟ್ಟಿದ ದಿಬ್ಬಗಳು. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇಂಥವು ಇಂದಿಗೂ ಬೆಳೆಯುತ್ತಿವೆ. ದೊಡ್ಡಗುಣಿಯವು 260 ಕೋಟಿ ವರ್ಷಕ್ಕೂ ಹಳೆಯವು. ಅಂದರೆ ಆ ಸೂಕ್ಷ್ಮಾಣುಗಳು ಬದುಕಿದ್ದಾಗ ದೇವರಾಯನದುರ್ಗದ ಗ್ರಾನೈಟ್ ಇನ್ನೂ ಹುಟ್ಟಿರಲಿಲ್ಲ. ಮೀನು ಹುಡುಕುವ ಕಣ್ಣು ಈ ಸಾದಾ ಅಲೆಗೆರೆಗಳನ್ನು ದಾಟಿ ಹೋಗಿಬಿಡುತ್ತದೆ.

ಇಲ್ಲೂ ಎಚ್ಚರ ಬೇಕು. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷದ ಸ್ಟ್ರೊಮಟೊಲೈಟ್ ಸಿಕ್ಕಿದೆ ಎಂದು 2016ರಲ್ಲಿ ಹೇಳಿದ್ದನ್ನು 2018ರಲ್ಲಿ ಅಬಿಗೈಲ್ ಆಲ್‌ವುಡ್ ತಂಡ ಪ್ರಶ್ನಿಸಿತು. ಕಲ್ಲನ್ನು ಎಲ್ಲ ಬದಿಯಿಂದ ನೋಡಿದಾಗ ಅವು ದಿಬ್ಬಗಳಾಗಿರದೆ ಒತ್ತಡಕ್ಕೆ ಮಡಿಚಿದ ಉದ್ದನೆಯ ಏಣುಗಳಾಗಿ ಕಂಡವು. ನಿಜವಾದ ಸ್ಟ್ರೊಮಟೊಲೈಟ್ ಬೆಳೆಯುವುದು ನೀರಿನ ತಳದಿಂದ ಮೇಲಕ್ಕೆ, ಆದ್ದರಿಂದ ಉಬ್ಬು ಯಾವಾಗಲೂ ಅಂದಿನ ಆಕಾಶದ ಕಡೆಗಿರುತ್ತದೆ. ಮಡಿಚಿ, ವಾಲಿ, ಕೆಲವೆಡೆ ತಲೆಕೆಳಗೂ ಆಗಿರುವ ಶಿಲಾಪದರಗಳಲ್ಲಿ ಸಮುದ್ರದ ತಳ ಯಾವ ಕಡೆಗಿತ್ತು, ಮೇಲ್ಮೈ ಯಾವ ಕಡೆಗಿತ್ತು ಎಂದು ಭೂವಿಜ್ಞಾನಿಗಳು ಈ ಉಬ್ಬುಗಳನ್ನು ನೋಡಿಯೇ ಹೇಳುತ್ತಾರೆ.